ಸೇತುವೆಯ ಮೇಲಿನ ಒಂಟಿ ಮನುಷ್ಯ

ಎಲ್ಲಕ್ಕೂ ಮೂಲ ಬಯ್ಯೂಮಿ ಮಾವನ ಮುಖ. ಮದುವೆ ಮನೆಯಲ್ಲಿ ಕೂತಿದ್ದರೂ ಆ ಮುಖ ಈಗಷ್ಟೇ ಯಾರನ್ನೋ ಮಣ್ಣು ಮಾಡಿ ಬಂದಂತೆ ಕಾಣುತ್ತಿತ್ತು. ಕೈರೋದಲ್ಲಿ ಟ್ರಾಮ್ ಓಡಿಸಿ ನಿವೃತ್ತರಾಗಿದ್ದ ಈ ಸೋದರಮಾವ ಬೇಯಿಸಿದ ಕಾಳಿಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದುದನ್ನು ನೋಡುತ್ತಾ ಕೂತಿದ್ದ ಹಿಲ್ಮಿಗೆ, ತನ್ನ ಸಿನಿಮಾದ ನಾಯಕ ಮನೆಯಲ್ಲೇ ಇದ್ದಾನೆಂದು ತಟ್ಟನೆ ಹೊಳೆಯಿತು.

ಹಿಲ್ಮಿ ಕಲಾ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ಆ ಕೊನೆಯ ವರ್ಷವನ್ನು ಅವನು ಓದುತ್ತಿರುವುದು ಇದು ಎರಡನೆಯ ಸಲ. ‘ನಗರದ ರಾತ್ರಿ’ ಎಂಬ ವಿಷಯದ ಮೇಲೆ, ನಟರನ್ನು ಹಾಕಿಕೊಳ್ಳದೆ, ಕಿರುಚಿತ್ರ ಮಾಡಿ ಮರುದಿನ ಒಪ್ಪಿಸಬೇಕಿತ್ತು. ಈ ಸಲವೂ ಡುಮ್ಕಿ ಹೊಡೆದರೆ ತಂದೆಯ ಕಮೋಡು, ನಲ್ಲಿಗಳ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತಂದೆ ಮಗನಿಗಾಗಿ ಹೊಸ ಸ್ಟೂಲನ್ನೂ ತಂದಿಟ್ಟಿದ್ದರು.

ಹೊರದೇಶದ ಸಿನಿಮಾಗಳನ್ನು ನೋಡಿ ನೋಡಿ ರಾತ್ರಿಯೆಂದರೆ ಒಂಟಿತನ ಎಂಬುದು ಹಿಲ್ಮಿಯ ತಲೆಗೆ ಹತ್ತಿಬಿಟ್ಟಿತ್ತು. ಒಬ್ಬ ಮುದುಕ, ಒಂದು ಸೇತುವೆ, ಕೆಳಗೆ ಕಪ್ಪು ನೀರು. ಮಾತಿಲ್ಲ, ಕತೆಯಿಲ್ಲ. ಕಲ್ಪನೆಯೇನೋ ಚೆನ್ನಾಗಿತ್ತು. ಆದರೆ ಕೈರೋದಲ್ಲಿ ಯಾರನ್ನೂ ಯಾರೂ ಒಂಟಿಯಾಗಿರಲು ಬಿಡುವುದಿಲ್ಲ ಎಂಬುದನ್ನು ಇಲ್ಲೇ ಹುಟ್ಟಿ ಬೆಳೆದ ಹುಡುಗ ಮರೆತಿದ್ದ.

ಅಂದು ರಾತ್ರಿಯೇ ಸೇತುವೆಯ ತುದಿಯಲ್ಲಿರುವ ಕಂಚಿನ ಸಿಂಹದ ಮರೆಯಲ್ಲಿ ಹಿಲ್ಮಿ ಕ್ಯಾಮೆರಾ ಹೂಡಿದ. ಮಾವ ಕಂಬಿಗೆ ಒರಗಿ ನೀಲ್ ನದಿಯನ್ನೇ ನೋಡುತ್ತಿರಬೇಕು, ಯಾರು ಏನು ಕೇಳಿದರೂ ಬಾಯಿ ಬಿಡಕೂಡದು ಎಂದು ತಾಕೀತು ಮಾಡಿದ. ಮಾವ ಒರಗಿದರು. ನಿಟ್ಟುಸಿರನ್ನೂ ಬಿಟ್ಟರು. ಹಿಲ್ಮಿಯ ಎದೆ ಹಿಗ್ಗಿತು.

ಅಷ್ಟರಲ್ಲಿ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಾ ಬರುತ್ತಿದ್ದ ದಪ್ಪ ಮನುಷ್ಯನೊಬ್ಬ ನಿಂತ. ಏನು ಹಾಜಿ, ಏನಾಯಿತು ಎಂದ. ಮಾವ ಮಾತಾಡಲಿಲ್ಲ. ಅವನು ಪೊಟ್ಟಣ ಮುಂದೆ ಹಿಡಿದ. ಮಾವ ಅದನ್ನೂ ಮುಟ್ಟಲಿಲ್ಲ. ಮುದುಕ ಬೀಜ ಬೇಡವೆನ್ನುತ್ತಾನೆ, ನೀರನ್ನೇ ನೋಡುತ್ತಾನೆ ಎಂದಮೇಲೆ ಇನ್ನೇನು ಉಳಿಯಿತು? ದಪ್ಪ ಮನುಷ್ಯ ಮೆಲ್ಲನೆ ಮಾವನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಆ ಕಡೆ ಟೀ ಮಾರುತ್ತಿದ್ದ ಉಮ್ಮ್ ಸಬ್ರಿಗೆ ಕಣ್ಸನ್ನೆ ಮಾಡಿದ.

ಉಮ್ಮ್ ಸಬ್ರಿ ಬಂದಳು. ಅವಳ ಹಿಂದೆ ಗೆಣಸು ಸುಡುವವನು ಬಂದ. ಮದುವೆ ಗೊತ್ತಾಗಿದ್ದ ಜೋಡಿಯೊಂದು ತಮ್ಮ ಪಿಸುಮಾತು ಬಿಟ್ಟು ಬಂದಿತು. ತಲೆಗೊಂದು ಊಹೆ ಶುರುವಾಯಿತು. ಮಕ್ಕಳು ಬೈದಿರಬೇಕು ಎಂದು ಒಬ್ಬ, ಪಿತ್ತಕೋಶದ ಕಲ್ಲಿರಬೇಕು ಎಂದು ಇನ್ನೊಬ್ಬ. ಸಿಂಹದ ಮರೆಯಲ್ಲಿ ಹಿಲ್ಮಿ ಕೂದಲು ಕಿತ್ತುಕೊಳ್ಳುತ್ತಿದ್ದ.

ಉಮ್ಮ್ ಸಬ್ರಿ ಮಾತ್ರ ಏನನ್ನೂ ವಿಚಾರಿಸಲಿಲ್ಲ. ಲೋಟಕ್ಕೆ ಟೀ ಬಗ್ಗಿಸಿ, “ಸಕ್ಕರೆ ಎಷ್ಟು ಹಾಕ್ಲಿ ಅಣ್ಣ?” ಎಂದಳು.

ತಾಕೀತು ಗೀಕೀತು ನೀಲ್ ನದಿಯ ಪಾಲಾಯಿತು.

“ನನ್ನವಳು ಹೋದ್ಮೇಲೆ ಹಂಗಂತ ಯಾರೂ ಕೇಳಿರ್ಲಿಲ್ಲ ಕಣಮ್ಮ,” ಎಂದು ಮಾವ ಅತ್ತುಬಿಟ್ಟರು.

ಕ್ಯಾಮೆರಾ ನಿಲ್ಲಿಸಲು ಹೋದ ಹಿಲ್ಮಿಯ ಕೈ ಹಾಗೇ ನಿಂತಿತು. ಒಂದೇ ಮನೆಯಲ್ಲಿ ದಿನಾ ಊಟಕ್ಕೆ ಕೂರುವ ಮಾವನ ಮುಖ ಹುಟ್ಟಿನಿಂದಲೇ ಹಾಗೆಂದು ಅವನು ತಿಳಿದಿದ್ದ. ಈಗ ಆ ಮುಖದ ಸುತ್ತ ಗುರುತು ಪರಿಚಯವಿಲ್ಲದವರು ನಿಂತಿದ್ದರು. ಒಬ್ಬ ಬೆನ್ನು ಸವರುತ್ತಿದ್ದ, ಇನ್ನೊಬ್ಬ ಬಿಸಿ ಗೆಣಸಿನ ಸಿಪ್ಪೆ ಸುಲಿದು ತುತ್ತು ಮಾಡುತ್ತಿದ್ದ. ಅದೇ ಹೊತ್ತಿಗೆ ಮದುವೆಯ ಮೆರವಣಿಗೆಯ ಕಾರುಗಳು ಹಾರ್ನ್ ಬಾರಿಸುತ್ತಾ ಬಂದು ಸೇತುವೆಯ ನಡುವೆ ನಿಂತವು. ಡೋಲು ಬಾರಿಸುವವರು ಇಳಿದರು. ಮದುಮಗಳು ನೆಲ ಗುಡಿಸುವ ಬಿಳಿ ಉಡುಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನೇರವಾಗಿ ಬಂದು, ಅಳುವ ಮುದುಕನ ಕೈ ಹಿಡಿದು ಕುಣಿಯಲು ಎಳೆದೊಯ್ದಳು. ಮಾವ ಕುಣಿದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಗೆಣಸಿತ್ತು, ಕಾಲು ಮಾತ್ರ ತಾಳ ತಪ್ಪಲಿಲ್ಲ. ಕೆಳಗಿನ ನೀರಿನಲ್ಲಿ ಊರಿನ ದೀಪಗಳೆಲ್ಲ ಅಲುಗುತ್ತಿದ್ದವು. ಇಂಥ ಊರಿನಲ್ಲಿ ಹುಟ್ಟಿಯೂ ತಾನು ಇದನ್ನು ನೋಡಿರಲಿಲ್ಲವಲ್ಲ ಎಂದು ಹಿಲ್ಮಿಗೆ ಮೈ ಜುಮ್ಮೆಂದಿತು. ಅವನು ಉಸಿರು ಬಿಗಿಹಿಡಿದು ಎಲ್ಲವನ್ನೂ ಚಿತ್ರಿಸಿದ.

ಕೊನೆಗೆ ಯಾರೋ ಕ್ಯಾಮೆರಾ ಕಂಡರು. ಜನಕ್ಕೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಪಾಪ, ಹುಡುಗನ ಶೂಟಿಂಗ್ ಕೆಡಿಸಿಬಿಟ್ಟೆವಲ್ಲ ಎಂದು ಒಬ್ಬರನ್ನೊಬ್ಬರು ಬೈದುಕೊಂಡರು. ಏನೂ ಕೆಟ್ಟಿಲ್ಲವೆಂದು ಹಿಲ್ಮಿ ಎಷ್ಟು ಹೇಳಿದರೂ ಉಮ್ಮ್ ಸಬ್ರಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಪ್ರೊಫೆಸರ್ ದೌಲತ್ ಚಿತ್ರ ನೋಡಿದರು. ಆಕೆ ಬಹಳ ವರ್ಷ ಹಿಮ ಬೀಳುವ ದೇಶದಲ್ಲಿ ಪಾಠ ಹೇಳಿ ಬಂದವರು. ಈಗಲೂ ಊರಾಚೆಯ ಗೇಟು ಹಾಕಿದ ಬಡಾವಣೆಯಿಂದ ಕಾರಿನ ಗಾಜು ಏರಿಸಿಕೊಂಡೇ ಬರುತ್ತಿದ್ದರು. ಚಿತ್ರ ಮುಗಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಲ್ಮಿಗೆ ಸ್ವರ್ಗ ಮೂರೇ ಗೇಣು.

“ಅದ್ಭುತವಾಗಿದೆ,” ಎಂದರು ದೌಲತ್. “ಆದ್ರೆ ನಟರನ್ನ ಹಾಕ್ಕೋಬಾರ್ದು ಅಂತ ನಿಯಮ ಇತ್ತಲ್ಲಪ್ಪ. ಇಡೀ ನಾಟಕ ಕಂಪನೀನೇ ಕರ್ಕೊಂಡು ಬಂದಿದೀಯ.”

ನಟಿಸಲು ಹೋದವರು ತನ್ನ ಮಾವ ಒಬ್ಬರೇ, ಅವರೂ ನಟಿಸಲಿಲ್ಲ, ಉಳಿದವರೆಲ್ಲ ದಾರಿಹೋಕರು ಎಂದು ಹಿಲ್ಮಿ ಆಣೆ ಇಟ್ಟ. ಮಾವನನ್ನೇ ಕರೆತರುತ್ತೇನೆಂದ. ಗುರುತಿಲ್ಲದ ಮುದುಕನನ್ನು ಮದುಮಗಳು ಕುಣಿಯಲು ಕರೆಯುತ್ತಾಳೆಂದರೆ ನಂಬಲು ತಾನೇನು ಹಸುಗೂಸೇ ಎಂದು ದೌಲತ್ ನಕ್ಕರು. ಸುಳ್ಳು ಹೇಳಿದ್ದಕ್ಕೆ ಇನ್ನೊಂದಿಷ್ಟು ಅಂಕ ಕಳೆದರು. ಹಿಲ್ಮಿ ಫೇಲಾದ.

ಮನೆಗೆ ಹೋಗಲು ಕಾಲು ಬರಲಿಲ್ಲ. ಕತ್ತಲಾಗುವವರೆಗೂ ಅಲೆದು ಅಲೆದು ಕೊನೆಗೆ ಸೇತುವೆಗೇ ಬಂದು, ಕಂಬಿಗೆ ಒರಗಿ ನಿಂತ. ತಂದೆಯ ಅಂಗಡಿಯ ಬಿಳಿ ಕಮೋಡುಗಳು ಸಾಲಾಗಿ ಬಾಯಿ ತೆರೆದು ಕಾಯುತ್ತಿರುವುದು ಕಣ್ಣಿಗೆ ಕಟ್ಟಿ, ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತ. ಈಗ ಯಾರಾದರೂ ಬರುತ್ತಾರೆ ಎಂದುಕೊಂಡ. ಒಂದು ಲೋಟ ಟೀ ಸಾಕಿತ್ತು.

ಯಾರೂ ಬರಲಿಲ್ಲ. ಬೀಜ ಸುಲಿಯುತ್ತಾ ಬಂದವನು ಅವನನ್ನು ಕಂಡದ್ದೇ ತುದಿಗಾಲಲ್ಲಿ ಹಿಂದೆ ಸರಿದ. ಗೆಣಸಿನವನು ಗಾಡಿಯನ್ನು ದೂರಕ್ಕೆ ತಳ್ಳಿದ. ಬಂದ ಮದುವೆಯ ಕಾರಿಗೆ ಹಾರ್ನ್ ಬಾರಿಸಬೇಡಿ ಎಂದು ಯಾರೋ ಕೈಮುಗಿದರು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಆ ಊರು ಸೇತುವೆಯ ಎರಡೂ ತುದಿಯಲ್ಲಿ ಉಸಿರು ಹಿಡಿದು ನಿಂತಿತು. ನಡುವೆ ಕಪ್ಪು ನೀರಿನ ಮೇಲೆ ಹಿಲ್ಮಿ ಒಬ್ಬನೇ ಇದ್ದ.

ಅವನು ಒದ್ದೆಕಣ್ಣಿನಿಂದ ಜನರ ಕಡೆ ತಿರುಗಿ, ಬನ್ನಿ ಎಂಬಂತೆ ಕೈ ಚಾಚಿದ.

ಉಮ್ಮ್ ಸಬ್ರಿ ದೂರದಿಂದಲೇ ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ ಹೇಳಿದಳು: “ಈ ಕಡೆ ನೋಡ್ಬೇಡ ಮಗನೇ, ನೀರನ್ನೇ ನೋಡು. ಇವತ್ತು ಶೂಟಿಂಗ್ ತುಂಬಾ ಚೆನ್ನಾಗಿ ಬರ್ತಾ ಇದೆ.”