ಕ್ಲಚ್ಚಿಲ್ಲದ ಕಾರು, ಕಟ್ಟಿಹಾಕಿದ ಕಾಲು

ನಮಗೆ ಹಿತೈಷಿಗಳು ಎಷ್ಟು ಜನ ಇದ್ದಾರೆ ಎಂದು ತಿಳಿಯಬೇಕಾದರೆ, ಹಳೆಯ ಕಾರೊಂದನ್ನು ಕೊಳ್ಳುತ್ತೇನೆ ಎಂದು ಒಂದು ಮಾತು ಹೊರಗೆ ಬಿಟ್ಟು ನೋಡಬೇಕು. ಜ್ವರ ಬಂದು ಮಲಗಿದಾಗ ತಿರುಗಿ ನೋಡದವರು, ಗೃಹಪ್ರವೇಶಕ್ಕೆ ಕರೆದರೂ ಬಾರದವರು, ಎಲ್ಲರೂ ಬರುತ್ತಾರೆ. ಮನೆಯಲ್ಲಿ ಸೈಕಲ್ ಕೂಡ ಇಲ್ಲದವರು ಮೈಲೇಜಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. ನಾನು 'ಆಟೋಮ್ಯಾಟಿಕ್' ಎಂಬ ಇನ್ನೊಂದು ಮಾತನ್ನೂ ಸೇರಿಸಿಬಿಟ್ಟಿದ್ದರಿಂದ ಹಿತೈಷಿಗಳ ಜೊತೆಗೆ ಸಂತಾಪ ಸೂಚಿಸುವವರೂ ಸಿಕ್ಕರು. ಗಂಡಸಾಗಿ ಕ್ಲಚ್ಚಿಲ್ಲದ ಕಾರು ಏಕೆ ಎಂದು ಎದುರು ಮನೆಯವರು ಬಹಳ ಮರುಕದಿಂದ ಕೇಳಿದರು. ಮಂಡಿ ನೋವು ಎಂದೆ. ನನ್ನ ಮಂಡಿಗಳು ಇಂದಿಗೂ ಚೆನ್ನಾಗಿವೆ. ಕೆಟ್ಟಿರುವುದು ಧೈರ್ಯ, ಅದಕ್ಕೆ ಯಾವ ಮೂಳೆ ಡಾಕ್ಟರೂ ಚೀಟಿ ಬರೆದುಕೊಡುವುದಿಲ್ಲ.

ನಾನು ಐವತ್ತೊಂದು ವರ್ಷದ ಗಣಿತದ ಮೇಷ್ಟ್ರು. ಮನೆ ಕೋಲಾರದಲ್ಲಿ. ವರ್ಗವಾದದ್ದು ಆವನಿಯಿಂದಾಚೆಯ ಒಂದು ಹಳ್ಳಿಯ ಹೈಸ್ಕೂಲಿಗೆ. ಮುಳಬಾಗಿಲಿನ ತನಕ ಹೋಗಲು ಬೇಕಾದಷ್ಟು ಬಸ್ಸುಗಳಿವೆ. ಅಲ್ಲಿಂದ ಮುಂದಿನ ಬಸ್ಸು ಮಾತ್ರ ನಮ್ಮ ಶಾಲೆಯ ಪ್ರಾರ್ಥನೆ ಮುಗಿದು ಹಾಜರಿ ಕೂಗುವ ಹೊತ್ತನ್ನು ನೋಡಿಕೊಂಡು ತಲುಪುತ್ತದೆ. ಕಾರು ಬೇಕೆನ್ನಲು ಇಷ್ಟು ಕಾರಣ ಸಾಕಲ್ಲವೇ? ಸಾಕು, ಊರಿಗೆ ಹೇಳಲು. ಓದುಗರಿಗೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಮನೆಯಿಂದ ಬಸ್ ಸ್ಟ್ಯಾಂಡಿಗೆ ನನ್ನನ್ನು ದಿನಾ ಬಿಡುತ್ತಿದ್ದವಳು ನನ್ನ ಹೆಂಡತಿ ಸುಗುಣ, ಅವಳ ಸ್ಕೂಟರಿನಲ್ಲಿ. ನನಗೂ ಸ್ಕೂಟರಿಗೂ ಆಗಿಬರಲಿಲ್ಲ. ಎರಡು ಸಲ ಬಿದ್ದು ಆ ಆಸೆ ಬಿಟ್ಟಿದ್ದೆ. ಹೀಗಾಗಿ ಬೆಳಿಗ್ಗೆ ಎಂಟಕ್ಕೆ ಅವಳ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು, ಕ್ಲಾಕ್ ಟವರ್ ದಾಟಿ ನನ್ನ ಮೆರವಣಿಗೆ ಸಾಗುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳು ಅಂಗಡಿ ಬಾಗಿಲಲ್ಲಿ ನಿಂತು ಮೊದಲು ಅವಳಿಗೆ ನಮಸ್ಕಾರ ಮಾಡುತ್ತಿದ್ದರು, ಆಮೇಲೆ ನನಗೆ. ಒಂದು ದಿನವಾದರೂ ಅದೇ ರಸ್ತೆಯಲ್ಲಿ ನಾನೇ ಸ್ಟೀರಿಂಗ್ ಹಿಡಿದು, ಯಾರ ಬೆನ್ನನ್ನೂ ನೋಡದೆ ಹೋಗಬೇಕು ಎಂಬುದು ನನ್ನ ಹಟವಾಗಿತ್ತು.

ಸುಗುಣ ಸುಗಟೂರಿನವಳು. ಹದಿನಾರನೆಯ ವಯಸ್ಸಿಗೇ ಅಪ್ಪನ ಟ್ರ್ಯಾಕ್ಟರಿಗೆ ಎಲೆಕೋಸು ತುಂಬಿದ ಟ್ರೇಲರ್ ಸಿಕ್ಕಿಸಿಕೊಂಡು ಓಣಿಯೊಳಗೆ ರಿವರ್ಸ್ ತೆಗೆಯುತ್ತಿದ್ದವಳು. ಟ್ರೇಲರ್ ಸಮೇತ ರಿವರ್ಸ್ ತೆಗೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿಲ್ಲ, ಆದರೆ ನಮ್ಮ ಮದುವೆಯಾದಂದಿನಿಂದ ಅವಳ ತವರಿನವರು ಅದನ್ನು ನನಗೆ ಹೇಳುತ್ತಲೇ ಬಂದಿದ್ದಾರೆ. ಅಂಥವಳ ಮುಂದೆ ನಾನು ಇಪ್ಪತ್ತೊಂದು ದಿನ ಡ್ರೈವಿಂಗ್ ಸ್ಕೂಲಿಗೆ ಹೋದೆ. ಇರುವುದು ಐದೇ ಗೇರು, ಐದರ ತನಕ ಎಣಿಸಲು ನನಗೆ ಬರುತ್ತದೆ ಎಂಬ ವಿಶ್ವಾಸವಿತ್ತು. ಆದರೆ ಕ್ಲಚ್ ಒತ್ತಿದಾಗ ಗೇರು ಮರೆಯುತ್ತಿತ್ತು, ಗೇರು ನೆನಪಾದಾಗ ಕ್ಲಚ್ ಬಿಟ್ಟುಹೋಗುತ್ತಿತ್ತು. ಗಾಡಿ ಹತ್ತಿರದ ಹಂಪಿನ ಮೇಲೆ ಒಮ್ಮೆ ನೆಗೆದು ಪ್ರಾಣ ಬಿಡುತ್ತಿತ್ತು. ಕಲಿಸುವವರು ತಮ್ಮ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇಟ್ಟುಕೊಂಡಿದ್ದರು. ಇಪ್ಪತ್ತೊಂದು ದಿನವೂ ಕಾರು ಓಡಿಸಿದ್ದು ಅವರೇ ಎಂದು ಆಮೇಲೆ ಅರ್ಥವಾಯಿತು. ಪರೀಕ್ಷೆಯ ದಿನ ಮೊದಲನೆಯ ಗೇರಿನಲ್ಲಿಯೇ ಎಂಟು ಬರೆದು ತೋರಿಸಿದೆ. ಎರಡನೆಯದನ್ನು ಅಧಿಕಾರಿಗಳು ಕೇಳಲಿಲ್ಲ, ನಾನೂ ಅದರ ಪ್ರಸ್ತಾಪ ತೆಗೆಯಲಿಲ್ಲ. ಲೈಸೆನ್ಸ್ ಬಂತು.

ನಮ್ಮ ಕಡೆ ಹಳೆಯ ಕಾರು ನೋಡಲು ಒಬ್ಬರೇ ಹೋಗುವ ಪದ್ಧತಿಯಿಲ್ಲ. ಹೆಣ್ಣು ನೋಡಲು ಹೋಗುವಾಗ ಸೋದರಮಾವ ಇರಬೇಕಾದಂತೆ, ಕಾರು ನೋಡಲು ಹೋಗುವಾಗ ಮೆಕ್ಯಾನಿಕ್ ಇರಬೇಕು. ಅವರಿಗೆ ಸಂಬಳವಿಲ್ಲ, ಕಾರಿರುವ ಊರಿನಲ್ಲಿ ಊಟ ಕೊಡಿಸಬೇಕು. ನಮ್ಮ ಮೆಕ್ಯಾನಿಕ್ ಬಾಷಣ್ಣ ಮೂವತ್ತು ವರ್ಷದಿಂದ ಟ್ರ್ಯಾಕ್ಟರು, ಟೆಂಪೋ, ಜೀಪುಗಳ ಹೊಟ್ಟೆ ಬಗೆದವರು. ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಾರೆ. ಅವರ ತೀರ್ಪು ಊಟಕ್ಕೆ ಮೊದಲು ಬರುವುದಿಲ್ಲ ಎಂಬುದನ್ನು ನಾನು ತಡವಾಗಿ ಗಮನಿಸಿದೆ.

ಮೊದಲು ಮಾಲೂರು. ಅಲ್ಲಿನ ಕಾರು ಡಾಕ್ಟರದ್ದಂತೆ, ಭಾನುವಾರ ಮಾತ್ರ, ಅದೂ ದೇವಸ್ಥಾನಕ್ಕೆ ಮಾತ್ರ ಓಡಿದ್ದಂತೆ. ಮಾರಾಟಕ್ಕಿರುವ ಹಳೆಯ ಕಾರುಗಳೆಲ್ಲ ಡಾಕ್ಟರುಗಳವೇ ಆಗಿರುವುದನ್ನು ನೋಡಿದರೆ ನಮ್ಮ ಜಿಲ್ಲೆಯ ವೈದ್ಯರೆಲ್ಲ ಆಸ್ಪತ್ರೆಗೆ ನಡೆದುಕೊಂಡೇ ಹೋಗುತ್ತಾರೆಂದು ಕಾಣುತ್ತದೆ. ಸೀಟಿನ ಕೆಳಗೆ ಕೈ ಹಾಕಿದರೆ ಬೊಗಸೆ ತುಂಬ ಇಟ್ಟಿಗೆ ಪುಡಿ. ಡಾಕ್ಟರು ಇಟ್ಟಿಗೆಗಳಿಗೇ ಚಿಕಿತ್ಸೆ ಕೊಡುತ್ತಿದ್ದಿರಬೇಕು. ಬಾಷಣ್ಣ ಬಿರಿಯಾನಿ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಇದು ಬೇಡ ಎಂದರು. ಆಮೇಲೆ ಮುಳಬಾಗಿಲು. ಅಲ್ಲಿಯ ದಲ್ಲಾಳಿ "ಸಿಂಗಲ್ ಓನರ್ ಸಾರ್, ಒಕಟೇ ಚೆಯ್ಯಿ" ಎಂದು ತೆಲುಗಿನಲ್ಲಿ ಆಣೆ ಇಟ್ಟ, ಒಂದೇ ಕೈಯಲ್ಲಿ ಓಡಿದ ಗಾಡಿ ಎಂದು. ಆರ್.ಸಿ. ಪುಸ್ತಕ ತೆಗೆದು ನೋಡಿದರೆ ಮೂರು ಹೆಸರುಗಳಿದ್ದವು. ಒಬ್ಬರು ಮಾವ, ಒಬ್ಬರು ಅಳಿಯ, ಇನ್ನೊಬ್ಬರು ಅಳಿಯನ ತಮ್ಮ, ಎಲ್ಲ ಒಂದೇ ಮನೆಯಲ್ಲಿ ಉಣ್ಣುವವರು, ಆದ್ದರಿಂದ ಒಂದೇ ಕೈ ಎಂದು ಅವನು ವಿವರಿಸಿದ. ಇಷ್ಟು ಒಗ್ಗಟ್ಟಿನ ಕುಟುಂಬ ಈ ಕಾಲದಲ್ಲಿ ಅಪರೂಪ ಎಂದು ಹೊಗಳಿ ಹೊರಟೆವು. ಬಾಷಣ್ಣ ಮೂರು ದೋಸೆ ತಿಂದು, ಇನ್ನೊಂದು ಸಲ ಬಂದು ನೋಡಿದರೆ ಒಳ್ಳೆಯದು ಎಂದರು. ಇನ್ನೊಂದು ಸಲ ಹೋದೆವು. ಕಾರು ಬದಲಾಗಿರಲಿಲ್ಲ, ದೋಸೆಯೂ.

ಕೊನೆಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಸಾಹುಕಾರರೊಬ್ಬರ ಕಾರು ಸಿಕ್ಕಿತು. ಹತ್ತು ವರ್ಷದ್ದು, ಬಿಳಿಯದು, ನನ್ನ ಕೈಗೆ ಎಟಕುವಂಥದ್ದು. ಡಿಕ್ಕಿಯಲ್ಲಿ ಒಣಹುಲ್ಲು, ಒಳಗೆಲ್ಲ ಮಾಗಿದ ಹಣ್ಣಿನ ವಾಸನೆ. ಸಾಹುಕಾರರು ಡಾಕ್ಟರೂ ಆಗಿರಲಿಲ್ಲ, ಭಾನುವಾರ ದೇವಸ್ಥಾನಕ್ಕೂ ಹೋಗುತ್ತಿರಲಿಲ್ಲ. ಮಂಡಿಯ ಆಳುಗಳು ಕ್ಲಚ್ ಕಾಣದೆ ಈ ಕಾರನ್ನು ಮುಟ್ಟಲು ಹೆದರುತ್ತಾರೆ, ಅದಕ್ಕೇ ಮಾರುತ್ತಿದ್ದೇನೆ ಎಂದರು. ದಿಣ್ಣೆ ಹತ್ತುವಾಗ ಇದು ಸ್ವಲ್ಪ ಯೋಚನೆ ಮಾಡುತ್ತದೆ ಎಂಬುದನ್ನೂ ಅವರೇ ತಿಳಿಸಿದರು. ಇಡೀ ಜಿಲ್ಲೆಯಲ್ಲಿ ನಿಜ ಹೇಳಿದ ಮೊದಲ ಮನುಷ್ಯ ಅವರು, ಆದ್ದರಿಂದ ನನಗೆ ಅವರ ಮೇಲೆ ಗುಮಾನಿ ಬಂತು. ಬಾಷಣ್ಣ ಎಂಜಿನ್ನಿಗೆ ಕಿವಿ ಕೊಟ್ಟು ಬಹಳ ಹೊತ್ತು ನಿಂತರು. ಆಮೇಲೆ ಕೆಳಗೆ ಬಗ್ಗಿ, ಕಾಲಿಡುವ ಜಾಗದಲ್ಲಿ ಎರಡೇ ಪೆಡಲ್ ಇರುವುದನ್ನು ನೋಡಿ ಸ್ಕ್ರೂಡ್ರೈವರನ್ನು ಜೇಬಿಗಿಟ್ಟರು.

"ನನ್ಗೆ ಇದ್ರದು ಏನೂ ಗೊತ್ತಿಲ್ಲ ಸಾರ್. ಕೆಟ್ಟೋದ್ರೆ ನನ್ನತ್ರ ತರ್ಬೇಡಿ. ಕೆಡದಿದ್ರೆ ಬನ್ನಿ, ಟೀ ಕುಡಿಯೋಣ."

ಇಷ್ಟು ಖಚಿತವಾದ ಸಲಹೆ ಸಿಕ್ಕ ಮೇಲೆ ಯಾರು ಸುಮ್ಮನಿರುತ್ತಾರೆ? ತೆಗೆದುಕೊಂಡೆ.

ಈ ಅಗ್ಗದ ಆಟೋಮ್ಯಾಟಿಕ್‌ಗಳ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅವು ತಾವೇ ಗೇರು ಬದಲಿಸಿಕೊಳ್ಳುತ್ತವೆ, ಆದರೆ ಪ್ರತಿ ಸಲವೂ ಒಂದು ಗಳಿಗೆ ತೂಕಡಿಸಿ, ಆಮೇಲೆ ಎಚ್ಚೆತ್ತು ಮುಂದೆ ಜಿಗಿಯುತ್ತವೆ. ಆಗ ಒಳಗಿದ್ದವರ ತಲೆಗಳೆಲ್ಲ ಒಟ್ಟಿಗೆ ಹಿಂದೆ ಹೋಗಿ ಮುಂದೆ ಬರುತ್ತವೆ. ಕಾರು ತರುವ ದಿನ ಸುಗುಣ ನನ್ನ ಜೊತೆ ಬಂದಿದ್ದಳು, ಶ್ರೀನಿವಾಸಪುರದಿಂದ ಕೋಲಾರಕ್ಕೆ ಅವಳೇ ಅದನ್ನು ಓಡಿಸಿಕೊಂಡು ಬಂದಳು. ದಾರಿಯುದ್ದಕ್ಕೂ ನಾನು ಕಾರಿನ ಗುಣಗಾನ ಮಾಡಿದೆ, ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ನಮ್ಮ ದಾಂಪತ್ಯದಲ್ಲಿ ಅಂಥ ಸಹಮತ ಹಿಂದೆಂದೂ ಇರಲಿಲ್ಲ. ಮನೆ ಮುಂದೆ ಒಂದೇ ಸಲಕ್ಕೆ ರಿವರ್ಸ್ ತೆಗೆದು ನಿಲ್ಲಿಸಿ, ಎಡಗಾಲಿಗೆ ಕೆಲಸವೇ ಕೊಡದ ಇದನ್ನು ಓಡಿಸುವುದು ಎನ್ನುತ್ತಾರಾ ಎಂದು ಕೇಳಿ ಕೀಲಿಕೈಯನ್ನು ನನ್ನ ಕೈಗಿಟ್ಟಳು.

ಕೆಲಸವಿಲ್ಲದ ಎಡಗಾಲೇ ನನ್ನ ಶತ್ರುವಾಯಿತು. ಡ್ರೈವಿಂಗ್ ಸ್ಕೂಲಿನ ಇಪ್ಪತ್ತೊಂದು ದಿನಗಳಲ್ಲಿ ನಾನೇನೂ ಕಲಿಯಲಿಲ್ಲ ಎಂದುಕೊಂಡಿದ್ದೆ. ನನ್ನ ಎಡಗಾಲು ಕಲಿತಿತ್ತು. ಯಾರಾದರೂ ಅಡ್ಡ ಬಂದರೆ ಸಾಕು, ಅದು ಕ್ಲಚ್ ಎಂದುಕೊಂಡು ಪಕ್ಕದ ಬ್ರೇಕನ್ನು ಶಕ್ತಿಮೀರಿ ತುಳಿಯುತ್ತಿತ್ತು. ಭಾನುವಾರ ಮೈದಾನದಲ್ಲಿ ಅಭ್ಯಾಸಕ್ಕೆ ಹೋದಾಗ ಹಾಗೆ ಏಳು ಸಲ ಆಯಿತು. ಏಳನೆಯ ಸಲ ಸುಗುಣ ಬೆಲ್ಟ್ ಬಿಚ್ಚಿ ಇಳಿದು, ಕಾರನ್ನು ಒಮ್ಮೆ ಸುತ್ತಿ ಬಂದು ನನ್ನ ಕಾಲನ್ನೇ ದಿಟ್ಟಿಸಿದಳು. ಹಾಲು ಕರೆದು ಬೆಳೆದವರು ಹಾಗೆ ದಿಟ್ಟಿಸಿದರೆ ಎಚ್ಚರವಾಗಿರಬೇಕು. ಸೋಮವಾರ ತವರಿಗೆ ಹೋಗಿ ಬಂದವಳ ಕೈಯಲ್ಲಿ ಒಂದು ಮಾರುದ್ದದ ನಾರಿನ ಹಗ್ಗವಿತ್ತು. ಕರೆಯುವಾಗ ಒದೆಯುವ ಹಸುವಿನ ಹಿಂಗಾಲು ಕಟ್ಟುವ ಹಗ್ಗ ಅದು.

"ನಾಚ್ಕೊಬೇಡಿ. ನಮ್ಮನೇಲಿ ಎಂಥೆಂಥಾವು ಇದ್ರಲ್ಲಿ ದಾರಿಗೆ ಬಂದವೆ," ಎಂದಳು.

ಮಂಗಳವಾರ ಬೆಳಿಗ್ಗೆ ನನ್ನ ಎಡಗಾಲನ್ನು ಸೀಟಿನ ಬುಡಕ್ಕೆ ಕಟ್ಟಿದಳು. ಎಳೆದಷ್ಟೂ ಬಿಗಿಯಾಗುವ ಗಂಟು, ಅದೂ ಹಿಂದುಗಡೆಗೆ. ನಾನು ಹೊರಟೆ. ಹೇಳಲೇಬೇಕು, ಹಗ್ಗ ಕೆಲಸ ಮಾಡಿತು. ಹೆದ್ದಾರಿಯಲ್ಲಿ ಲಾರಿಗಳು ಹಾರನ್ ಮಾಡಿದಾಗ ಎಡಗಾಲು ಎರಡು ಸಲ ಕೊಸರಾಡಿ ಸುಮ್ಮನಾಯಿತು. ಮುಳಬಾಗಿಲು ಕಂಡಿತು, ಆವನಿ ಬೆಟ್ಟ ಕಂಡಿತು. ದಿಣ್ಣೆಯಲ್ಲಿ ಕಾರು ಸ್ವಲ್ಪ ಯೋಚಿಸಿ, ಹತ್ತುವುದೇ ಸರಿ ಎಂಬ ತೀರ್ಮಾನಕ್ಕೆ ಬಂತು. ಮುಂದೆ ಯಾರ ಬೆನ್ನೂ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸಂತೋಷದಿಂದಲೇ.

ಕಾರಿನ ಸುದ್ದಿಯನ್ನು ನಾನು ಶಾಲೆಯಲ್ಲಿ ಒಂದು ವಾರದಿಂದ ಸಾರುತ್ತಲೇ ಇದ್ದೆ. ಗೇಟಿನ ಬಳಿ ಸಹೋದ್ಯೋಗಿಗಳೆಲ್ಲ ತೆಂಗಿನಕಾಯಿ, ಕರ್ಪೂರ, ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ನಿಂತಿದ್ದರು. ನಾನು ಕಾರು ನಿಲ್ಲಿಸಿದೆ, ಬಾಗಿಲಿಗೆ ಕೈ ಹಾಕಿದೆ, ಕಾಲು ಬರಲಿಲ್ಲ. ಮನೆ ಬಿಡುವಾಗ ಕಟ್ಟುವವರು ಇದ್ದಾರೆ, ತಲುಪಿದ ಮೇಲೆ ಬಿಚ್ಚುವವರು ಯಾರು ಎಂಬುದನ್ನು ಟ್ರ್ಯಾಕ್ಟರ್ ಓಡಿಸುವವಳೂ ಯೋಚಿಸಿರಲಿಲ್ಲ, ಗಣಿತ ಕಲಿಸುವವನೂ ಯೋಚಿಸಿರಲಿಲ್ಲ. ಬಗ್ಗಲು ಹೊಟ್ಟೆ ಬಿಡಲಿಲ್ಲ. ಎಳೆದೆ, ಗಂಟು ಬಿಗಿಯಾಯಿತು. ಇಳೀರಿ ಸಾರ್ ಎಂದು ಹೆಡ್‌ಮಾಸ್ಟರು ಕರೆದರು. ನಾನು ಫೋನನ್ನು ಕಿವಿಗೆ ಹಿಡಿದು, ಬಹಳ ಮುಖ್ಯವಾದ ಕರೆ ಎಂಬಂತೆ ಕೈಸನ್ನೆ ಮಾಡಿದೆ. ಅವರು ನನ್ನನ್ನು ಕೂರಿಸಿಕೊಂಡೇ ಕಾರಿಗೆ ಮಂಗಳಾರತಿ ಮಾಡಿದರು. ಪ್ರಾರ್ಥನೆಯ ಗಂಟೆ ಹೊಡೆಯಿತು. ಕಾರು ಬಂದ ಮೊದಲ ದಿನವೇ ಮನುಷ್ಯ ನೆಲಕ್ಕೆ ಕಾಲಿಡುತ್ತಿಲ್ಲ ನೋಡಿ ಎಂದು ಹಿಂದಿ ಮೇಡಂ ಹೇಳಿಕೊಂಡು ಹೋದದ್ದು ಸ್ಪಷ್ಟವಾಗಿ ಕೇಳಿಸಿತು. ಸಮಯಕ್ಕೆ ಸರಿಯಾಗಿ ಬಂದು, ಶಾಲೆಯ ಗೇಟಿನಲ್ಲೇ ಕೂತು, ನಾನು ಅಂದೂ ಪ್ರಾರ್ಥನೆ ತಪ್ಪಿಸಿಕೊಂಡೆ.

ಎಲ್ಲರೂ ಹೋದ ಮೇಲೆ ಬಾಗಿಲು ತೆರೆದು ಒದ್ದಾಡುತ್ತಿದ್ದೆ. ಹಸು ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ನಿಂತು ನೋಡಿದಳು. ಹಗ್ಗವನ್ನು ನೋಡಿದಳು, ಗಂಟನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಯಾವ ಆಶ್ಚರ್ಯವೂ ಆದಂತೆ ಕಾಣಲಿಲ್ಲ.

"ಇದು ಒದೆಯೋದಾ ಮೇಷ್ಟ್ರೇ, ಬೆದರೋದಾ?"

ಒಂದು ಕ್ಷಣ ಫೋನು ಮತ್ತೆ ಕಿವಿಗೆ ಹೋಗುವುದರಲ್ಲಿತ್ತು. ಅವಳು ಕಾದು ನಿಂತಳು. "ಬೆದರೋದಮ್ಮ," ಎಂದೆ.

"ಹಂಗಿದ್ರೆ ಕಟ್ಬಾರ್ದು. ಬೆದರೋದನ್ನ ಕಟ್ಟಿದ್ರೆ ಇನ್ನೂ ಬೆದರ್ತದೆ. ಮುಂದೆ ಗೊತ್ತಿರೋದೊಂದನ್ನ ಬಿಟ್ರೆ, ಅದ್ರ ಹಿಂದೇನೇ ಬರ್ತದೆ."

ಬಗ್ಗಿ ಒಂದು ಎಳೆ ಹಿಡಿದು ಎಳೆದಳು, ಗಂಟು ಕಳಚಿಕೊಂಡಿತು. ಹಗ್ಗವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಮನೆಯಲ್ಲಿ ನಿಜವಾಗಿ ಒದೆಯುವುದೊಂದು ಇದೆಯಂತೆ. ನಾನು ಬೇಡ ಎನ್ನಲಿಲ್ಲ.

ಸಂಜೆ ಕಾಲು ಬಿಟ್ಟುಕೊಂಡೇ ಹೊರಟೆ. ಗೇಟಿನಲ್ಲಿ ನಾನು ದಿನಾ ಹತ್ತುತ್ತಿದ್ದ ಊರಿನ ಬಸ್ಸು ಸಿಕ್ಕಿತು, ಅದರ ಹಿಂದೆ ಹೋದೆ. ದಾಟುವ ಧೈರ್ಯವಿಲ್ಲದೆ ಅದು ನಿಂತಲ್ಲೆಲ್ಲ ನಿಂತೆ. ಎರಡು ಕಡೆ ಜನ ನನಗೂ ಕೈ ಅಡ್ಡ ಹಾಕಿದರು. ಆದರೆ ಎಡಗಾಲು ಒಮ್ಮೆಯೂ ತಂಟೆ ಮಾಡಲಿಲ್ಲ. ಮನೆಯಲ್ಲಿ ಸುಗುಣಳಿಗೆ ಎಲ್ಲವನ್ನೂ ಹೇಳಿದೆ, ಒದೆಯೋದಾ ಬೆದರೋದಾ ಎಂಬುದನ್ನೂ. ನಗುತ್ತಾಳೆಂದುಕೊಂಡಿದ್ದೆ. ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹೊರಗೆ ತೆಗೆದು, "ನಾನು ಮುಂದೆ ಹೋಗ್ತೀನಿ, ಬನ್ನಿ," ಎಂದಳು.

ಈಗ ದಿನವೂ ಹೆದ್ದಾರಿ ಸಿಗುವ ತನಕ ಹೀಗೆಯೇ. ಕ್ಲಾಕ್ ಟವರ್ ಬಳಿ ಅವಳು ಕೈ ತೋರಿಸಿ ಜನರನ್ನು ನಿಲ್ಲಿಸುತ್ತಾಳೆ, ನಾನು ದಾಟುತ್ತೇನೆ. ಹಳೆಯ ವಿದ್ಯಾರ್ಥಿಗಳು ಈಗಲೂ ಮೊದಲು ಅವಳಿಗೇ ನಮಸ್ಕಾರ ಮಾಡುತ್ತಾರೆ. ಹೆಂಡತಿಯ ಹಿಂದೆ ಹೋಗಲಾರೆ ಎಂದು ಮೂರು ಊರು ಸುತ್ತಿದವನು ನಾನು. ಈಗ ಅವಳ ಹಿಂದೆ ಹೋಗುವುದಕ್ಕೆ ನನ್ನದೇ ಸ್ವಂತ ಕಾರಿದೆ.