ರಾಜೀನಾಮೆಗೆ ಮಾವಿನಕಾಯಿ ಅಂಚು

“ಅಲ್ಲಾ, ನವಿಲಿಗೆ ಯಾಕ್ರೀ ನಂಬರು?”

ಭಾನುವಾರ ಮಧ್ಯಾಹ್ನ ಕನಕಲಕ್ಷ್ಮಿ, ಗಂಡ ಸೀರೆಗೆಂದು ನವಿಲಿನ ಸಾಲು ಬರೆದಿದ್ದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು. ಗಂಡ ಚಲಪತಿ ಅಮಲ್ದಾರರ ಕೈಕೆಳಗೆ ಹದಿನಾಲ್ಕು ವರ್ಷ ಗುಮಾಸ್ತನಾಗಿ ಬೇಸತ್ತವನು. ‘ಬೆಂಗಳೂರಿನಲ್ಲಿ ನಲವತ್ತು ದಿನದ ಸೀರೆ ಡಿಸೈನ್ ಕೋರ್ಸು’ ಎಂಬ ಪ್ರಕಟಣೆಯನ್ನು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಓದಿದ್ದೇ ತಡ, ಪಾಪ, ಅವನಿಗೆ ಫೈಲುಗಳಲ್ಲೂ ಸೆರಗೇ ಕಾಣತೊಡಗಿತ್ತು.

ಚಲಪತಿ: ನಂಬರಿಲ್ದೆ ನಾಳೆ ಒಂದು ನವಿಲು ಕಮ್ಮಿ ಬಂದ್ರೆ ಯಾರೇ ಜವಾಬ್ದಾರಿ?

ಕನಕಲಕ್ಷ್ಮಿ: ಏಳನೇ ನವಿಲನ್ನ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಬೇರೆ ಮಾಡಿದೀರಿ!

ಚಲಪತಿ: ಕೊಕ್ಕು ಸೊಟ್ಟ ಆಯ್ತು ಕಣೇ. ತಿದ್ದಿದ ಕಡೆ ಸಹಿ ಹಾಕ್ಲೇಬೇಕು.

ಕನಕಲಕ್ಷ್ಮಿ: ಯಾರ ಮನೆ ಹೆಂಗಸು ನಿಮ್ಮ ಸಹಿ ಉಟ್ಕೊಂಡು ಮದುವೆಗೆ ಹೋಗ್ತಾಳ್ರೀ?

ಚಲಪತಿ: ಅದಕ್ಕೇ ಕೋರ್ಸು ಬೇಕನ್ನೋದು! ನಲವತ್ತು ದಿನಕ್ಕೆ ಇದೆಲ್ಲ ಬಿಟ್ಟುಹೋಗತ್ತೆ.

ಕನಕಲಕ್ಷ್ಮಿ: ಹದಿನಾಲ್ಕು ವರ್ಷ ಅಂಟಿದ್ದು ನಲವತ್ತು ದಿನಕ್ಕೆ ಬಿಡತ್ತಾ? ಸರಿ, ಕಲಿತ್ರಿ. ಆಮೇಲೆ ಕೆಲಸ ಯಾರು ಕೊಡ್ತಾರೆ?

ಚಲಪತಿ: ಸರ್ಟಿಫಿಕೇಟ್ ಕೊಡ್ತಾರೆ.

ಕನಕಲಕ್ಷ್ಮಿ: ನಾನು ಕೇಳಿದ್ದು ಕೆಲಸ. ಮೂರು ಮಕ್ಕಳಿದಾವೆ ರೀ, ನಂಗೆ ಭಯ ಆಗತ್ತೆ. ಪಿಂಚಣಿ ಬರೋ ಕೆಲಸ. ರಜ ಹಾಕಿ ಹೋಗಿ ಬನ್ನಿ.

ಚಲಪತಿ: ರಜ ಹಾಕಿದ್ರೆ ಹೆದರ್ಕೊಂಡು ವಾಪಸ್ ಬಂದ್ಬಿಡ್ತೀನಿ. ಅದಕ್ಕೇ ಬೆಳಿಗ್ಗೇನೇ ಜವಾನ ರಾಮಾಂಜಿನಪ್ಪನ ಕೈಲಿ ಸಾಹೇಬ್ರ ಮನೆಗೆ ರಾಜೀನಾಮೆ ಕಳಿಸಾಯ್ತು.

ಕನಕಲಕ್ಷ್ಮಿ ನವಿಲಿನ ಕಾಗದ ಕೆಳಗಿಟ್ಟು ಅಲ್ಲೇ ಕೂತಳು.

ಕನಕಲಕ್ಷ್ಮಿ: ಏನಂತ ಬರೆದ್ರಿ?

ಚಲಪತಿ: ಶುಕ್ರವಾರದಿಂದ ಬಿಡುಗಡೆ ಮಾಡಿ ಅಂತ. ಅಭ್ಯಾಸ ಆಗ್ಲಿ ಅಂತ ಸುತ್ತ ಮಾವಿನಕಾಯಿ ಅಂಚು ಬರೆದೆ. ಹೊಸ ಬದುಕು ಅಲ್ವೇನೇ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ.

ಕನಕಲಕ್ಷ್ಮಿ: ರಾಜೀನಾಮೆಗೆ ಅರಿಶಿನಾನಾ!

ಅಷ್ಟರಲ್ಲಿ ರಾಮಾಂಜಿನಪ್ಪ ಎರಡು ತೆಂಗಿನಕಾಯಿ ಹಿಡಿದು ಹಲ್ಲು ಕಿರಿಯುತ್ತ ಒಳಗೆ ಬಂದ.

ರಾಮಾಂಜಿನಪ್ಪ: ಬುದ್ಧೀ, ಶುಭ ಸಮಾಚಾರ ಮುಚ್ಚಿಟ್ಬಿಟ್ರಲ್ಲ! ಸಾಹೇಬ್ರಿಗೆ ಬಲೇ ಖುಷಿ. ಕಾಯಿ ಕೊಟ್ಟು ಕಳಿಸವ್ರೆ.

ಚಲಪತಿ: ರಾಜೀನಾಮೆ ಒಪ್ಪಿದ್ರಾ?

ರಾಮಾಂಜಿನಪ್ಪ: ಯಾವ ರಾಜೀನಾಮೆ? ಮಗನ ಮುಂಜಿ ಪತ್ರಿಕೆ ಅಲ್ವರಾ ಅದು? ಅರಿಶಿನ ನೋಡ್ತಿದ್ದಂಗೇ ಸಾಹೇಬ್ರು ಚಪ್ಪಲಿ ಬಿಟ್ಟು ಕಣ್ಣಿಗೊತ್ಕೊಂಡ್ರು. ಕನ್ನಡಕ ಕಚೇರೀಲಿ ಬಿಟ್ಟು ಬಂದವ್ರೆ. ‘ಹುಡುಗನಿಗೆ ವಯಸ್ಸು ಬಂತು, ಮುಂಜೀನೇ ಇರ್ಬೇಕು, ಯಾವತ್ತು ನೋಡೋ’ ಅಂದ್ರು. ನಂಗೆ ಓದಕ್ಕೆ ಬಂದಿದ್ದು ಶುಕ್ರವಾರ ಒಂದೇ. ದೇವರ ಪಟದ ಹಿಂದೆ ಇಟ್ರು. ಕಚೇರಿಯೋರ ಮನೆಗೆಲ್ಲ ನನ್ನ ಕೈಲೇ ಹೇಳಿಸಿದ್ರು. ನಲವತ್ತು ಜನ ಊಟಕ್ಕೆ.

ಚಲಪತಿ ಎದ್ದು ಅಂಗಿಗೆ ಕೈ ಹಾಕಿದ.

ಚಲಪತಿ: ಈಗ್ಲೇ ಹೋಗಿ ನಿಜ ಹೇಳ್ತೀನಿ!

ಕನಕಲಕ್ಷ್ಮಿ: ಹೇಳಿ. ಸಾಹೇಬ್ರೇ, ನೀವು ಕಣ್ಣಿಗೊತ್ಕೊಂಡಿದ್ದು ನನ್ನ ರಾಜೀನಾಮೆ ಅಂತ ಹೇಳಿ.

ಚಲಪತಿಯ ಕೈ ಅಂಗಿಯ ತೋಳಿನಲ್ಲೇ ಸಿಕ್ಕಿಕೊಂಡಿತು. ಕನಕಲಕ್ಷ್ಮಿ ಸೆರಗು ಕೊಡವಿ ಎದ್ದಳು. ಮಗನಿಗೆ ಎಂಟು ತುಂಬಿತು, ಮುಂಜಿ ಮಾಡಿ ಎಂದು ಅವಳು ಒಂದು ವರ್ಷದಿಂದ ಬಡಿದುಕೊಳ್ಳುತ್ತಿದ್ದಳು.

ಕನಕಲಕ್ಷ್ಮಿ: ಹೌದಪ್ಪ ರಾಮಾಂಜಿನಪ್ಪ, ಶುಕ್ರವಾರವೇ. ಸಾಹೇಬ್ರು ಅಮ್ಮಾವ್ರನ್ನೂ ಕರ್ಕೊಂಡು ಬರಬೇಕಂತೆ ಅಂತ ಹೇಳು.

ಅವನು ಕಾಯಿ ಇಳಿಸಿ ಹೊರಟುಹೋದ.

ಚಲಪತಿ: ಕನಕ, ನನ್ನ ಕೋರ್ಸು?

ಕನಕಲಕ್ಷ್ಮಿ: ಇನ್ಯಾವ ಕೋರ್ಸ್ರೀ? ಕಲೀದೇನೇ ಅಮಲ್ದಾರ್ರ ಚಪ್ಪಲಿ ಬಿಡಿಸಿದ್ರಿ. ಹೋಗಿ ನಲವತ್ತು ಬಾಳೆಲೆ ತನ್ನಿ. ದಮ್ಮಯ್ಯ, ಎಲೆಗೆ ಮಾತ್ರ ನಂಬರ್ ಹಾಕ್ಬೇಡಿ!