ಜನಾಭಿಪ್ರಾಯ ಕೇಳಲು ಹೋದೆವು

ಸರ್ಕಾರ ಹೇಳಿದ್ದನ್ನು ಜನ ಕೇಳಿಸಿಕೊಳ್ಳುವಾಗ ನಗು ಬರುವಂಥದ್ದೇನೂ ಆಗುವುದಿಲ್ಲ. ಜನ ಹೇಳುವುದನ್ನು ಕೇಳಿಸಿಕೊಳ್ಳಲು ಸರ್ಕಾರ ಹೊರಟಿತೋ, ಏನಾದರೊಂದು ಆಗಿಯೇ ತೀರುತ್ತದೆ. ನಾನು ಕಲ್ಯಾಣ ಇಲಾಖೆಯೊಂದರಲ್ಲಿ ಸ್ಟೆನೋ ಆಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಮೇಲಿನಿಂದ ಆದೇಶ ಬಂತು. ವೃದ್ಧರು, ದುಡಿಯುವ ಹೆಂಗಸರು, ಇಂಥವರಿಗಾಗಿ ಹೊಸ ನೀತಿ ಬರೆಯಬೇಕು. ಈ ಸಲ ಜನರನ್ನು ಕೇಳಿಯೇ ಬರೆಯಬೇಕು.

ನಮ್ಮ ಸಾಹೇಬರು ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ನಿಜವಾದ ಶ್ರದ್ಧೆ ಇದ್ದವರು. "ಇಷ್ಟು ವರ್ಷ ನಾವು ಬರೆದಿದ್ದನ್ನ ಜನ ಅನುಭವಿಸಿದ್ರು ಮೇಡಂ. ಈಗ ಅವರು ಹೇಳ್ಲಿ, ನಾವು ಬರ್ಕೊಳ್ಳೋಣ" ಅಂದರು. ಬರೆದುಕೊಳ್ಳುವ ಕೆಲಸ ನನ್ನದಾಯಿತು.

ಯಾರ ಮಾತು ನಡೆಯುತ್ತೆ

ಮೊದಲ ಸಭೆ ಚಾಮರಾಜಪೇಟೆಯ ಒಂದು ಸ್ಕೂಲಿನಲ್ಲಿ. 'ಮಹಿಳೆಯರಿಗಾಗಿ' ಅಂತ ಬ್ಯಾನರ್ ಕಟ್ಟಿದ್ದೆವು. ಮಹಿಳೆಯರು ಬಂದರು. ಅವರನ್ನು ಕರೆದುಕೊಂಡು ಗಂಡಂದಿರೂ ಬಂದು ಮುಂದಿನ ಸಾಲಿನಲ್ಲಿ ಕೂತರು.

"ಮಕ್ಕಳ ಓದು, ಮನೆ ಖರ್ಚು, ಇದನ್ನೆಲ್ಲ ನಿಮ್ಮನೇಲಿ ಯಾರು ತೀರ್ಮಾನ ಮಾಡ್ತಾರೆ?" ಸಾಹೇಬರು ಹೆಂಗಸರ ಕಡೆ ನೋಡಿ ಕೇಳಿದರು.

ತರಗುಪೇಟೆಯಲ್ಲಿ ಬೇಳೆ ಅಂಗಡಿ ಇಟ್ಟಿದ್ದ ಗಂಡಸೊಬ್ಬರು ಎದ್ದರು. "ನಮ್ಮನೇಲಿ ಎಲ್ಲಾ ಇವಳದೇ ಸಾರ್. ನಾನು ತಲೇನೇ ಹಾಕಲ್ಲ."

ಸಾಹೇಬರಿಗೆ ಖುಷಿಯಾಯಿತು. ಆತನ ಹೆಂಡತಿಯನ್ನು "ಹೌದೇನಮ್ಮಾ?" ಅಂತ ಕೇಳಿದರು.

ಆಕೆ ಸೆರಗು ಸರಿಮಾಡಿಕೊಂಡು ಎದ್ದು, ಗಂಡನ ಮುಖ ನೋಡಿ, "ಅವರು ಹೇಳಿದ ಮೇಲೆ ಹಾಗೇ ಇರತ್ತೆ ಸಾರ್" ಅಂದರು.

ಸಾಹೇಬರು ಗಂಡಸರನ್ನೆಲ್ಲ ಎದುರಿನ ಹೋಟೆಲಿಗೆ ಕಾಫಿಗೆ ಕಳಿಸಿದರು. ಬಾಗಿಲು ಮುಚ್ಚಿದ್ದೇ ತಡ, ನನ್ನ ಪೆನ್ಸಿಲ್ಲಿಗೆ ಬಿಡುವಿಲ್ಲ. ಎಲ್ಲರಿಗಿಂತ ಹೆಚ್ಚು ಮಾತಾಡಿದ್ದು ಅದೇ ಹೆಂಗಸು. ಎಸ್ಸೆಸ್ಸೆಲ್ಸಿ ಪಾಸಾದ ಮಗಳನ್ನು ಗಂಡ ಮನೆಯಲ್ಲಿ ಕೂರಿಸಿದ್ದಾರೆ. ಬಡಾವಣೆಯಲ್ಲೇ ಒಂದು ಹುಡುಗಿಯರ ಕಾಲೇಜು ಆದರೆ, ದೂರ ಅನ್ನುವ ನೆಪ ಅವರಿಗೆ ಉಳಿಯುವುದಿಲ್ಲ ಅಂತ ಬಿಡಿಸಿ ಹೇಳಿದರು. ಹೇಳುತ್ತಾ ಕಣ್ಣು ಒರೆಸಿಕೊಂಡರು.

ಗಂಡಸರು ಕಾಫಿ ಮುಗಿಸಿ ಬಂದರು. "ಏನು ಹೇಳ್ದೆ?" ಅಂತ ಆತ ಹೆಂಡತಿಯನ್ನು ಕೇಳಿದರು.

"ನೀವಿದ್ದಿದ್ರೆ ಏನು ಹೇಳ್ತಿದ್ರೋ ಅದನ್ನೇ."

ಆತ ತೃಪ್ತಿಯಿಂದ ನನ್ನ ಕಡೆ ತಿರುಗಿ, "ನೋಡಿದ್ರಾ ಮೇಡಂ, ನಮ್ಮಿಬ್ಬರದೂ ಯಾವಾಗಲೂ ಒಂದೇ ಅಭಿಪ್ರಾಯ" ಅಂದರು.

ಬಣ್ಣ

ಸಭೆಗೆ ಬರಲಾಗದವರಿಗೆ ಅಂತ ಮಲ್ಲೇಶ್ವರದ ಮಾರ್ಕೆಟ್ ಹತ್ತಿರ ಒಂದು ಸಲಹಾ ಪೆಟ್ಟಿಗೆ ಇಟ್ಟೆವು. ಎದ್ದು ಕಾಣಲಿ ಅಂತ ಕೆಂಪು ಬಣ್ಣ ಹೊಡೆಸಿದ್ದೆವು. ಕೆಲವು ದಿನ ಬಿಟ್ಟು ತೆಗೆಯಲು ಹೋದರೆ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ಸಾಹೇಬರು ನಿಂತಲ್ಲೇ ಸಂಭ್ರಮಪಟ್ಟರು. ಕಚೇರಿಗೆ ತಂದು ಸುರಿದು ನೋಡಿದರೆ ಎಲ್ಲವೂ ಸ್ಟ್ಯಾಂಪ್ ಹಚ್ಚಿದ ಮದುವೆ ಕರೆಯೋಲೆ, ನಾಮಕರಣದ ಕಾರ್ಡು, ಇನ್‌ಲ್ಯಾಂಡ್ ಲೆಟರು.

ಅಷ್ಟನ್ನೂ ಹೊತ್ತುಕೊಂಡು ನಾವೇ ಅಂಚೆ ಕಚೇರಿಗೆ ಹೋದೆವು. ಮಲ್ಲೇಶ್ವರದಿಂದ ನಮಗೆ ಬಂದ ಸಲಹೆ ಒಂದೇ, ಅದೂ ಅಲ್ಲಿನ ಪೋಸ್ಟ್‌ಮನ್ ಬಾಯಿಂದ: "ಬೇರೆ ಬಣ್ಣ ಹೊಡೆಸಿ ಸಾರ್."

ಕಲಾಸಿಪಾಳ್ಯದ ಬೇಡಿಕೆ

ತರಕಾರಿ ಮಾರುವ ಹೆಂಗಸರ ಸಭೆಯನ್ನು ಕಲಾಸಿಪಾಳ್ಯದ ಒಂದು ಸಮುದಾಯ ಭವನದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ ಇಟ್ಟಿದ್ದೆವು. ಕಚೇರಿಯವರಿಗೆ ಅದು ದಿನ ಶುರುವಾಗುವ ಹೊತ್ತು. ಲಾರಿಯಿಂದ ಮೂಟೆ ಇಳಿಯುವ ಮುಂಚೆಯೇ ಎದ್ದು ಬಂದಿದ್ದ ಅವರಿಗೆ ಅದು ದಿನ ಮುಗಿಯುವ ಹೊತ್ತು ಅನ್ನುವುದು ನಮಗೆ ಹೊಳೆದಿರಲಿಲ್ಲ.

ಹೆಂಗಸರು ಭವನ ತುಂಬ ಬಂದರು. ಜಮಖಾನ, ಮೇಲೆ ಫ್ಯಾನು. ಸಾಹೇಬರು ಶಿಶುವಿಹಾರ, ವಿಮೆ, ಆರೋಗ್ಯ ಅಂತ ವಿವರಿಸತೊಡಗಿದರು. ಮೊದಲು ಗೋಡೆಗೆ ಒರಗಿದವರು ನಿದ್ದೆಹೋದರು. ಆಮೇಲೆ ಅವರ ಹೆಗಲಿಗೆ ಒರಗಿದವರು. ಸಾಹೇಬರು ಮೈಕ್ ಆರಿಸಿ, ಧ್ವನಿ ತಗ್ಗಿಸಿ, ಕೊನೆಗೆ ಮಾತೇ ನಿಲ್ಲಿಸಿದರು. ಕೆಲಸ ಮಾಡಿ ದಣಿದ ಅಷ್ಟು ಮುಖಗಳನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

ಬಹಳ ಹೊತ್ತಾದ ಮೇಲೆ, ಏನಾದರೂ ಬರೆದುಕೊಳ್ಳಬೇಕಲ್ಲ ಅಂತ, ಮುಂದೆ ಕೂತಿದ್ದ ಒಬ್ಬರು ಕಣ್ಣು ಬಿಟ್ಟಾಗ ಸಾಹೇಬರು ಮೆಲ್ಲಗೆ ಕೇಳಿದರು: "ಅಮ್ಮಾ, ಸರ್ಕಾರದಿಂದ ನಿಮಗೆ ಏನಾಗ್ಬೇಕು?"

"ಇನ್ನರ್ಧ ಗಂಟೆ ಬಿಡಿ ಸಾರ್" ಅಂದು ಆಕೆ ಮಗ್ಗುಲು ಬದಲಾಯಿಸಿದರು.

ಮಾರ್ಕೆಟ್ಟಿನಲ್ಲಿ ಹೆಂಗಸರಿಗೊಂದು ವಿಶ್ರಾಂತಿ ಕೋಣೆ ಅಂತ ನಮ್ಮ ವರದಿಯಲ್ಲಿ ಸೇರಿದ್ದು ಹಾಗೆ. ಇಡೀ ವರದಿಯಲ್ಲಿ ಯಾರೂ ತಿದ್ದದ ಅಂಶ ಅದೊಂದೇ.

ಖುದ್ದು ಹಾಜರಿ

ಕೊನೆಯ ಸಭೆ ಬಸವನಗುಡಿಯ ಒಂದು ಛತ್ರದಲ್ಲಿ, ವೃದ್ಧಾಪ್ಯ ವೇತನದ ಬಗ್ಗೆ. ಜನರ ನಡುವೆ ಒಬ್ಬ ಹಿರಿಯರನ್ನು ಕಂಡು ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಅವರು ನಮ್ಮ ನಿರ್ದೇಶಕರು, ನಾನು ಅವರ ಸ್ಟೆನೋ. ಅವರು ಯಾವುದೋ ಸಿಟ್ಟಿನಲ್ಲಿದ್ದರು, ನನ್ನನ್ನು ಗಮನಿಸಲಿಲ್ಲ.

ಅವರ ಸರದಿ ಬಂತು. ಅವರ ಮನೆಯ ಔಟ್‌ಹೌಸಿನಲ್ಲಿ ಒಬ್ಬ ಅಜ್ಜಿ ಇದ್ದಾರಂತೆ. ಹಪ್ಪಳ ಸಂಡಿಗೆ ಮಾಡಿ ಬದುಕಿದ ಒಂಟಿ ಜೀವ. ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಬದುಕಿದ್ದೇನೆ ಅಂತ ತೋರಿಸಲು ವರ್ಷಕ್ಕೊಮ್ಮೆ ಕಚೇರಿಗೆ ಹೋಗಲಾಗಲಿಲ್ಲ, ಪೆನ್ಷನ್ ನಿಂತಿತು. ಕೊನೆಗೆ ಇವರೂ ಆಟೋದವನೂ ಸೇರಿ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು.

"ಕೌಂಟರಿನವನು ಏನಂದ ಗೊತ್ತಾ? ಫೋಟೋದಲ್ಲಿ ದಪ್ಪಗಿದಾರೆ, ಇವರೇ ಅವರಾ ಅಂತ. ಅದಕ್ಕೆ ಅಜ್ಜಿ, 'ಪೆನ್ಷನ್ ನಿಂತ ಮೇಲೆ ಸಣ್ಣಗಾದೆ ಕಣಪ್ಪಾ' ಅಂದ್ರು."

ಸಭೆ ನಕ್ಕಿತು. ಅವರು ನಗಲಿಲ್ಲ.

"'ಯಾವುದೇ ಕಾರಣಕ್ಕೂ ವಿನಾಯಿತಿ ಇಲ್ಲದೆ ಖುದ್ದು ಹಾಜರಾಗತಕ್ಕದ್ದು.' ಇದನ್ನ ಬರೆದವನು ಜೀವನದಲ್ಲಿ ಒಬ್ಬ ಮುದುಕೀನಾದ್ರೂ ನೋಡಿದಾನಾ? ಯಾರವನು, ಹೇಳಿ."

ಸಾಹೇಬರು ನನ್ನ ಕಡೆ ತಿರುಗಿದರು. "ಮೇಡಂ, ನೀವು ಹಳಬರು. ನಿಮಗೆ ಗೊತ್ತಿರ್ಬೇಕಲ್ಲ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ.

"ಸಾರ್, ಅದು ನೀವೇ" ಅಂದೆ ಹಿರಿಯರಿಗೆ. "ನೀವು ಹೇಳಿದ್ರಿ, ನಾನು ಟೈಪ್ ಮಾಡ್ದೆ. 'ಯಾವುದೇ ಕಾರಣಕ್ಕೂ' ಅನ್ನೋದನ್ನ ಆಮೇಲೆ ಸೇರಿಸಿದ್ರಿ."

ಅವರು ಕೂತರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಸತ್ತವರ ಹೆಸರಲ್ಲಿ ಪೆನ್ಷನ್ ಹೋಗ್ತಿತ್ತಮ್ಮ ಆಗ. ಅದನ್ನ ತಡೀಬೇಕಿತ್ತು" ಅಂದರು. "ಬದುಕಿರೋರು ಹೇಗೆ ಬರ್ತಾರೆ ಅಂತ ನಾನು ಯಾರನ್ನೂ ಕೇಳ್ಲೇ ಇಲ್ಲ."

ಆ ನಿಯಮ ಹೊಸ ನೀತಿಯಲ್ಲಿ ಉಳಿಯಲಿಲ್ಲ. ಹಾಸಿಗೆ ಹಿಡಿದವರ ಮನೆಗೆ ಸಿಬ್ಬಂದಿಯೇ ಹೋಗಬೇಕು ಅಂತಾಯಿತು. ಅಜ್ಜಿಗೆ ಪೆನ್ಷನ್ ಮತ್ತೆ ಬಂತು. ಅವತ್ತಿನ ಸಭೆ ಮುಗಿಸುವಾಗ ಮಾತ್ರ, ಇದನ್ನು ನಡಾವಳಿಯಲ್ಲಿ ಹೇಗೆ ದಾಖಲಿಸುವುದು ಅಂತ ಸಾಹೇಬರಿಗೆ ತಿಳಿಯಲಿಲ್ಲ.

ಹಿರಿಯರೇ ಎದ್ದು ನನ್ನ ಮೇಜಿನ ಹತ್ತಿರ ಬಂದರು. ಕೈ ಹಿಂದೆ ಕಟ್ಟಿಕೊಂಡು, ಹಳೆಯ ದಿನಗಳ ಅದೇ ಧ್ವನಿಯಲ್ಲಿ, "ಬರ್ಕೊಳ್ಳಮ್ಮ" ಅಂದರು. "'ಈ ನಿಯಮವನ್ನು ರೂಪಿಸಿದ ಅಧಿಕಾರಿಗೆ ಬುದ್ಧಿ ನೆಟ್ಟಗಿರಲಿಲ್ಲವೆಂದು ಸಾರ್ವಜನಿಕರೊಬ್ಬರು ಅಭಿಪ್ರಾಯಪಟ್ಟರು.' ಫುಲ್‌ಸ್ಟಾಪ್."

ಬರೆದೆ. ಅವರು ಸ್ವಲ್ಪ ಯೋಚಿಸಿ ಮುಂದುವರಿಸಿದರು.

"'ಸದರಿ ಅಧಿಕಾರಿಯೂ ಸಭೆಗೆ ಖುದ್ದು ಹಾಜರಿದ್ದು, ಇದಕ್ಕೆ ಒಪ್ಪಿಗೆ ಸೂಚಿಸಿದರು.'"